ಕನ್ನಡ ವೆಬ್‌ಸೈಟ್‌ನ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ: ಪರೀಕ್ಷಿಸುವ ಬಗೆ

ವೆಬ್‌ಸೈಟ್ ನೋಡಲು ಚೆಂದವಿದ್ದ ಮಾತ್ರಕ್ಕೆ ವಿನ್ಯಾಸ ಒಳ್ಳೆಯದೆಂದು ಹೇಳಲಾಗದು. ಬಂದವರ ಕೆಲಸ ಆಯಿತೇ, ಎಲ್ಲಿ ತಡವರಿಸಿದರು, ಎಲ್ಲಿ ಬಿಟ್ಟು ಹೋದರು ಎಂಬುದೇ ಅಳತೆಗೋಲು. ಕನ್ನಡ ತಾಣಗಳಲ್ಲಿ ಇನ್ನೊಂದು ತೊಡಕಿದೆ: ಬಹುಪಾಲು ಟೆಂಪ್ಲೇಟ್‌ಗಳು ಇಂಗ್ಲಿಷ್ ಅಕ್ಷರದ ಅಳತೆಗೆ ತಯಾರಾದವು. ಅದರೊಳಗೆ ಕನ್ನಡ ತುಂಬಿದಾಗ ಏನು ಮುರಿಯುತ್ತದೆ ಎಂದು ಬೇರೆಯಾಗಿಯೇ ನೋಡಬೇಕು.

ಪರೀಕ್ಷೆಗೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್ ಬಳಸಿ, ವೈಫೈ ಆಫ್ ಮಾಡಿ. ವಿನ್ಯಾಸಕಾರರ ದೊಡ್ಡ ಪರದೆಯಲ್ಲಿ ಎಲ್ಲ ತಾಣವೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಮೂರು ಕೆಲಸ ಬರೆದುಕೊಳ್ಳಿ. ನಗರಸಭೆಯ ತಾಣವಾದರೆ: ಆಸ್ತಿ ತೆರಿಗೆ ಕಟ್ಟುವ ಪುಟ ಹುಡುಕುವುದು, ಕಚೇರಿಯ ವೇಳೆ ತಿಳಿಯುವುದು, ಒಂದು ದೂರು ದಾಖಲಿಸುವುದು. ಮುಖಪುಟದ ಸ್ಲೈಡ್‌ಶೋ, ಗಣ್ಯರ ಫೋಟೊ ಇವುಗಳ ಬಗ್ಗೆ ಸದ್ಯಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಕೆಲಸದ ಕೊಂಡಿ ಅವುಗಳ ಕೆಳಗೆ ಹೂತುಹೋಗಿದ್ದರೆ ಅದನ್ನು ಮೊದಲ ದೋಷವೆಂದು ಬರೆದುಕೊಳ್ಳಿ.

ಅಕ್ಷರ

ಪುಟದ ಒಂದು ವಾಕ್ಯವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಎಲ್ಲ ಕಲಸಿಕೊಂಡ ಸಾಲು ಬಂದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟ್‌ನ ಪಠ್ಯ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಅಂಥ ಪುಟ ಗೂಗಲ್‌ನಲ್ಲಿ ಕನ್ನಡ ಪದ ಕೊಟ್ಟರೆ ಸಿಗುವುದಿಲ್ಲ. ದೃಷ್ಟಿಹೀನರು ಬಳಸುವ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದುವ ಟಾಕ್‌ಬ್ಯಾಕ್ ಅದನ್ನು ಓದಲಾರದು. ಪಿಡಿಎಫ್‌ಗಳಲ್ಲಿ ಈ ರೋಗ ಇನ್ನೂ ಹೆಚ್ಚು. ಸುತ್ತೋಲೆ, ನಮೂನೆಗಳನ್ನು ತೆರೆದು ಅಲ್ಲೂ ಇದೇ ಪರೀಕ್ಷೆ ಮಾಡಿ. ಏನನ್ನೂ ಆಯ್ದುಕೊಳ್ಳಲು ಆಗದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ.

ಇನ್ನು ಒತ್ತಕ್ಷರ. ‘ರಾಷ್ಟ್ರ’, ‘ಸ್ತ್ರೀ’, ‘ದೃಷ್ಟಿ’ಯಂಥ ಪದಗಳು ಬರುವ ಶೀರ್ಷಿಕೆ ಮತ್ತು ಬಟನ್ ಹುಡುಕಿ. ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿದೆಯೇ? ಕೆಳಸಾಲಿನ ಗುಡಿಸುಗಳಿಗೆ ತಾಗುತ್ತಿದೆಯೇ? ಕಾರಣ ಹೆಚ್ಚಾಗಿ ಸಾಲಿನ ಎತ್ತರ, ಅಂದರೆ ಒಂದು ಸಾಲಿಗೆ ಅಕ್ಷರದ ಗಾತ್ರದ ಎಷ್ಟು ಪಟ್ಟು ಜಾಗವಿದೆ ಎಂಬ ಲೆಕ್ಕ. 1.2 ಇಂಗ್ಲಿಷ್ ಶೀರ್ಷಿಕೆಗೆ ಸಾಕಾಗಬಹುದು. ಕನ್ನಡದ ಒತ್ತಿಗೆ ಅಲ್ಲಿ ಜಾಗವಿಲ್ಲ. ಓದುವ ಪಠ್ಯಕ್ಕೆ 1.6ರಿಂದ 1.8, ಶೀರ್ಷಿಕೆಗೆ ಕನಿಷ್ಠ 1.4 ಇಡಿಸಿ. ಬಟನ್‌ಗೆ ನಿಗದಿತ ಎತ್ತರ ಕೊಟ್ಟಿದ್ದರೆ ತೆಗೆಸಿ, ಮೇಲೆ ಕೆಳಗೆ ಖಾಲಿ ಅಂಚು ಕೊಡಿಸಿ. ಅಕ್ಷರದ ಗಾತ್ರ 17–18 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಒತ್ತುಗಳು ಮಸುಕಾಗುತ್ತವೆ.

ಕನ್ನಡದಲ್ಲಿ ಓರೆ ಅಕ್ಷರದ ರೂಢಿಯಿಲ್ಲ. ಟೆಂಪ್ಲೇಟ್‌ನಲ್ಲಿ ಅದಿದ್ದರೆ ಬ್ರೌಸರ್ ಅಕ್ಷರಗಳನ್ನು ಬಲವಂತವಾಗಿ ಬಾಗಿಸುತ್ತದೆ. ಫಾಂಟ್‌ನಲ್ಲಿ ದಪ್ಪ ರೂಪ ಇಲ್ಲದಿದ್ದರೆ ನಕಲಿ ದಪ್ಪ ಹುಟ್ಟಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಎರಡೂ ಅಂಚಿಗೆ ಸಾಲು ಹೊಂದಿಸುವುದೂ ಫೋನಿನಲ್ಲಿ ಬೇಡ: ನಮ್ಮ ಪದಗಳು ಉದ್ದ, ಪರದೆ ಅಗಲ ಕಡಿಮೆ, ಹೀಗಾಗಿ ಪದಗಳ ನಡುವೆ ದೊಡ್ಡ ಕಂದಕ ಬೀಳುತ್ತದೆ.

ಫಾರಂ

ತಾಣದ ನಿಜವಾದ ಬಣ್ಣ ಬಯಲಾಗುವುದು ಇಲ್ಲಿ. ಹೆಸರಿನ ಜಾಗದಲ್ಲಿ ‘ಶ್ರೀನಿವಾಸಮೂರ್ತಿ’ ಎಂದು ಕನ್ನಡದಲ್ಲೇ ಟೈಪ್ ಮಾಡಿ. ಓದುವವರಿಗೆ ಅದು ಆರೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 15 ಸಂಕೇತ, ಅದನ್ನು ಕಂಪ್ಯೂಟರ್ ಉಳಿಸಿಡುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ ಮೂರು ಬೈಟ್‌ನಂತೆ 45 ಬೈಟ್. ಡೇಟಾಬೇಸ್‌ನಲ್ಲಿ 30 ಬೈಟ್ ಮಿತಿ ಇಟ್ಟಿದ್ದರೆ ಹೆಸರು ನಡುವೆ ತುಂಡಾಗುತ್ತದೆ, ಇಲ್ಲವೇ ಕಾರಣ ಹೇಳದೆ ಫಾರಂ ನಿಲ್ಲುತ್ತದೆ. ಕೆಲವೆಡೆ ಕನ್ನಡವನ್ನೇ ‘ವಿಶೇಷ ಚಿಹ್ನೆ’ ಎಂದು ತಿರಸ್ಕರಿಸುತ್ತಾರೆ. ಕನ್ನಡ ತಾಣವೊಂದಕ್ಕೆ ಇದಕ್ಕಿಂತ ದೊಡ್ಡ ದೋಷ ಇನ್ನೊಂದಿಲ್ಲ.

ಜಿಲ್ಲೆಯ ಪಟ್ಟಿ ತೆರೆಯಿರಿ. 31 ಜಿಲ್ಲೆಗಳಲ್ಲಿ ಕನ್ನಡದ ಅಕಾರಾದಿಯಂತೆ ಉಡುಪಿ, ಉತ್ತರ ಕನ್ನಡ, ಕಲಬುರಗಿ ಮೊದಲಿಗೆ ಬರಬೇಕು. ಬಾಗಲಕೋಟೆಯಿಂದ ಶುರುವಾಗಿದ್ದರೆ ಇಂಗ್ಲಿಷ್ ಪಟ್ಟಿಯನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದ್ದಾರೆ ಎಂದರ್ಥ. ಹುಡುಕುವವರ ಕಣ್ಣು ಮೇಲೆ ಕೆಳಗೆ ಅಲೆಯುತ್ತದೆ.

ಬೇಕೆಂದೇ ಒಂಬತ್ತು ಅಂಕಿಯ ಮೊಬೈಲ್ ನಂಬರ್ ಕೊಟ್ಟು ಸಲ್ಲಿಸಿ. ಒಳ್ಳೆಯ ಫಾರಂ ಆ ಜಾಗದ ಪಕ್ಕದಲ್ಲೇ ‘ಮೊಬೈಲ್ ನಂಬರ್‌ಗೆ 10 ಅಂಕಿ ಬೇಕು’ ಎನ್ನುತ್ತದೆ, ಉಳಿದ ವಿವರ ಹಾಗೆಯೇ ಇಟ್ಟಿರುತ್ತದೆ. ಕೆಟ್ಟ ಫಾರಂ ಮೇಲೆಲ್ಲೋ ಇಂಗ್ಲಿಷ್‌ನಲ್ಲಿ ‘ಇನ್‌ವ್ಯಾಲಿಡ್ ಇನ್‌ಪುಟ್’ ಎಂದು ತೋರಿಸಿ ತುಂಬಿದ್ದನ್ನೆಲ್ಲ ಅಳಿಸಿಬಿಡುತ್ತದೆ. ನಂಬರ್ ಜಾಗ ಮುಟ್ಟಿದಾಗ ಅಂಕಿಗಳ ಕೀಬೋರ್ಡ್ ಬರಬೇಕು. ಜಾಗದ ಹೆಸರು ಪೆಟ್ಟಿಗೆಯ ಒಳಗೇ ಮಸುಕಾಗಿ ಇದ್ದು, ಟೈಪ್ ಮಾಡಿದೊಡನೆ ಮಾಯವಾದರೆ ಅದೂ ತಪ್ಪು. ಏನು ತುಂಬುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ.

ಒಳಪುಟದಲ್ಲಿದ್ದಾಗ ಭಾಷೆ ಬದಲಿಸಿ ನೋಡಿ. ಅದೇ ಪುಟ ಇನ್ನೊಂದು ಭಾಷೆಯಲ್ಲಿ ಬರಬೇಕೇ ಹೊರತು ಮುಖಪುಟಕ್ಕೆ ಎಸೆಯಬಾರದು.

ಬಣ್ಣ, ಬೆರಳು, ವೇಗ

ವೆಬ್ ಸುಲಭಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿ, ಎಎ ಎಂಬ ನಡುವಿನ ಮಟ್ಟದಲ್ಲಿ, ಸಾಮಾನ್ಯ ಪಠ್ಯ ಮತ್ತು ಹಿನ್ನೆಲೆಯ ನಡುವೆ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸದ ಅನುಪಾತ) ಕೇಳುತ್ತದೆ. ದೊಡ್ಡ ಅಕ್ಷರಕ್ಕೆ 3:1 ಸಾಕು. ಬಿಳಿಯ ಮೇಲೆ 777777 ಎಂಬ ಬಣ್ಣಸಂಕೇತದ ಬೂದು ಬಣ್ಣ ಸುಮಾರು 4.48, ಅಂದರೆ ಕೂದಲೆಳೆಯಲ್ಲಿ ನಪಾಸು, 757575 ಪಾಸು. ನಮ್ಮ ಪ್ರೀತಿಯ ಅರಿಶಿನ ಕುಂಕುಮದ ಜೋಡಿಯನ್ನೂ ಅಳೆಯಿರಿ. ಶುದ್ಧ ಹಳದಿಯ ಮೇಲೆ ಶುದ್ಧ ಕೆಂಪು ಸುಮಾರು 3.7 ಮಾತ್ರ. ದೊಡ್ಡ ಶೀರ್ಷಿಕೆಗೆ ಸರಿ, ಓದುವ ಪಠ್ಯಕ್ಕೆ ಅಲ್ಲ. ಕೆಂಪನ್ನು ಗಾಢವಾಗಿಸಿದರೆ 4.5 ಸುಲಭವಾಗಿ ದಾಟುತ್ತದೆ.

2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2ರ ಪ್ರಕಾರ ಬಟನ್‌ನಂಥ ಬೆರಳಿನಿಂದ ಒತ್ತುವ ಜಾಗ ಕನಿಷ್ಠ 24×24 ಪಿಕ್ಸೆಲ್ ಇರಬೇಕು. ಅದು ತೀರಾ ಕನಿಷ್ಠ. ಆಂಡ್ರಾಯ್ಡ್‌ಗೆ ಗೂಗಲ್ ಸೂಚಿಸುವ 48ರ ಹತ್ತಿರ ಇದ್ದರೆ ಹೆಬ್ಬೆರಳು ತಪ್ಪುವುದಿಲ್ಲ.

ವೇಗಕ್ಕೆ ಗೂಗಲ್‌ನ ಪರೀಕ್ಷಾ ಸಾಧನವಾದ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಕೊಟ್ಟು ಮೊಬೈಲ್ ವಿಭಾಗ ನೋಡಿ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬೇಕು, ತೆರೆಯುವಾಗ ಪುಟ ಎಷ್ಟು ಜಿಗಿಯುತ್ತದೆ ಎಂಬುದಕ್ಕೆ ಅದು ಕೊಡುವ ಅಂಕ 0.1 ಮೀರಬಾರದು. ಕನ್ನಡ ತಾಣಗಳಲ್ಲಿ ಜಿಗಿತಕ್ಕೆ ಫಾಂಟ್ ಕೂಡ ಕಾರಣ: ಮೊದಲು ಫೋನಿನ ಫಾಂಟ್‌ನಲ್ಲಿ ಕಂಡ ಪಠ್ಯ, ತಾಣದ ಫಾಂಟ್ ಇಳಿದೊಡನೆ ಅಗಲ ಬದಲಿಸಿ ಕೆಳಗೆ ಸರಿಯುತ್ತದೆ. ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟ್ ಕಡತ ಭಾರ. ಎರಡಕ್ಕಿಂತ ಹೆಚ್ಚು ಫಾಂಟ್ ಬಳಸುವುದು ಬೇಡ.

ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಮೌಸ್ ಬಿಟ್ಟು ಟ್ಯಾಬ್ ಕೀಲಿಯಿಂದಲೇ ಫಾರಂ ಮುಗಿಸಲು ಪ್ರಯತ್ನಿಸಿ. ಈಗ ಎಲ್ಲಿದ್ದೀರಿ ಎಂದು ಗೆರೆ ತೋರಿಸದಿದ್ದರೆ ಬರೆದುಕೊಳ್ಳಿ.

ಬೇರೆಯವರ ಕೈಗೆ ಕೊಡಿ

ಕೊನೆಗೆ ತಾಣವನ್ನು ಹಿಂದೆ ನೋಡಿರದ ಐವರಿಗೆ ಅದೇ ಮೂರು ಕೆಲಸ ಕೊಡಿ. ತಾಣಗಳ ಬಳಕೆ ಎಷ್ಟು ಸುಲಭ ಎಂದು ಅಧ್ಯಯನ ಮಾಡುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಐವರು ಸಾಕೆಂದು ವಾದಿಸಿದ್ದರು; ಐದನೆಯವರ ಹೊತ್ತಿಗೆ ಅವೇ ತೊಡಕುಗಳು ಮರುಕಳಿಸುತ್ತವೆ. ಐವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರಿರಲಿ, ಒಬ್ಬರಾದರೂ ಇಂಗ್ಲಿಷ್ ಓದದವರಿರಲಿ. ‘ಅಲ್ಲಿ ಒತ್ತಿ’ ಎಂದು ಬಾಯಿಬಿಡಬೇಡಿ. ಅವರು ಎಲ್ಲಿ ನಿಂತರು, ಏನನ್ನು ಒತ್ತಿ ಹಿಂದೆ ಬಂದರು ಎಂಬುದನ್ನಷ್ಟೇ ಗುರುತು ಮಾಡಿ. ‘ಹೇಗನ್ನಿಸಿತು’ ಎಂಬ ಪ್ರಶ್ನೆಗೆ ಬೆಲೆ ಕಡಿಮೆ. ಕೆಲಸ ಮುಗಿಯದವರೂ ಮರ್ಯಾದೆಗೆ ‘ಚೆನ್ನಾಗಿದೆ’ ಎನ್ನುತ್ತಾರೆ.

ವರದಿಯಲ್ಲಿ ಪ್ರತಿ ದೋಷಕ್ಕೂ ಪುಟದ ವಿಳಾಸ, ಫೋನಿನ ಮಾದರಿ, ಮಾಡಿದ ಹೆಜ್ಜೆ, ಕಂಡದ್ದು, ಸ್ಕ್ರೀನ್‌ಶಾಟ್ ಇರಲಿ. ಕೆಲಸವನ್ನೇ ನಿಲ್ಲಿಸುವ ದೋಷ ಮೊದಲು, ತಡವರಿಸುವಂತೆ ಮಾಡುವುದು ಆಮೇಲೆ, ಅಂದದ ದೂರು ಕಡೆಗೆ. ಡೆವಲಪರ್‌ಗೆ ‘ಫಾಂಟ್ ಸರಿಯಿಲ್ಲ’ ಎಂದು ಬರೆದರೆ ಏನೂ ಬದಲಾಗದು. ‘ಸಲ್ಲಿಸುವ ಪುಟದ ಬಟನ್‌ನಲ್ಲಿ ಒತ್ತಕ್ಷರ ಕತ್ತರಿಸಿದೆ, ಬಟನ್‌ನ ನಿಗದಿತ ಎತ್ತರ ತೆಗೆಯಿರಿ’ ಎಂದು ಬರೆಯಿರಿ. ಅದನ್ನು ಓದಿದವರಿಗೆ ಯಾವ ಸಾಲು ತಿದ್ದಬೇಕೆಂದು ತಿಳಿಯುತ್ತದೆ.