ಹಂಚು ಹೊಸತು, ಸೋರಿಕೆ ಹಳೇದು: ಮಾಡು ಬದಲಿಸುವ ಮೊದಲು ಇಷ್ಟು ನೋಡಿ

ಹೋದ ವರ್ಷ ಆರ್ದ್ರಾ ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಫೋನು ಬಂತು. ಬೇಸಿಗೆಯಲ್ಲಿ ಮನೆಯ ಹಂಚನ್ನೆಲ್ಲ ಇಳಿಸಿ ಹೊಸದು ಹೊದಿಸಿದ್ದರು. ಅಡಿಕೆ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಿತ್ತು. "ಭಾವ, ಹಂಚೆಲ್ಲ ಹೊಸತು, ನೀರು ಮಾತ್ರ ಹಳೇ ಜಾಗದಲ್ಲೇ ಬೀಳ್ತಾ ಇದೆ" ಅಂದರು. ದೇವರ ಕೋಣೆಯ ಮೂಲೆ. ಮುಂಚೆಯೂ ಅಲ್ಲೇ ಒಂದು ಪಾತ್ರೆ ಇಡುತ್ತಿದ್ದರು. ಅದೇ ಪಾತ್ರೆ ಮತ್ತೆ ಬಂದು ಕೂತಿತ್ತು.

ಇಂಥದ್ದನ್ನು ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ, ನಮ್ಮ ಮನೆಯೂ ಸೇರಿ. ಮಾಡು (ಮನೆಯ ಚಾವಣಿ) ಬದಲಿಸುವುದು ಅಂದರೆ ಹಂಚು ಬದಲಿಸುವುದು ಅಂತಲೇ ಎಲ್ಲರ ಲೆಕ್ಕ. ಹಂಚಿನ ಕೆಳಗಿರುವ ಪಟ್ಟಿ, ಮೂಲೆಯ ತಗಡು, ಗೋಡೆಯ ಸಂದು, ಇವನ್ನು ಯಾರೂ ಕೇಳುವುದಿಲ್ಲ. ಸೋರುವುದು ಹೆಚ್ಚಾಗಿ ಅಲ್ಲಿಂದಲೇ.

ಮೇಲೆ ಏನೇನಿದೆ?

ಮನೆಯೊಳಗೆ ನಿಂತು ತಲೆ ಎತ್ತಿ ನೋಡಿ. ಗೋಡೆಯ ಮೇಲೆ ಉದ್ದಕ್ಕೆ ಮಲಗಿರುವುದು ಗೋಡೆ ತೊಲೆ. ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ ಇರುವುದು ನೆತ್ತಿ ತೊಲೆ. ಅಲ್ಲಿಂದ ಸೂರಿನ ಕಡೆಗೆ ಸಾಲಾಗಿ ಇಳಿದಿರುವ ಮರಗಳು ಪಕಾಸು. ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆದ ಪಟ್ಟಿ ರೀಪು. ಹಳೇ ಮನೆಯಾದರೆ ರೀಪಿನ ಬದಲು ಅಡಿಕೆ ಮರ ಸೀಳಿದ ದಬ್ಬೆಯೋ ಬೈನೆ ಮರದ ದಬ್ಬೆಯೋ ಇರಬಹುದು. ಹಂಚಿನ ಬೆನ್ನಿಗಿರುವ ಹಲ್ಲು ಕಚ್ಚಿಕೊಳ್ಳುವುದು ಈ ರೀಪಿಗೇ. ಎರಡು ಇಳಿಜಾರು ನೆತ್ತಿಯಲ್ಲಿ ಕೂಡುವಲ್ಲಿ ಮೂಲೆ ಹಂಚು. ಎರಡು ಇಳಿಜಾರು ಒಳಮುಖವಾಗಿ ಕೂಡಿ ತಗ್ಗಾಗುವಲ್ಲಿ ತಗಡಿನ ದೋಣಿ. ಅದನ್ನು ನೆನಪಿಟ್ಟುಕೊಳ್ಳಿ, ಈ ಲೇಖನದ ಅರ್ಧ ಅದರ ಮೇಲೇ ಇದೆ.

ಇನ್ನು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹಂಚು ನಿಧಾನಕ್ಕೆ ಘಟ್ಟ ಹತ್ತಿತು. ಅದಕ್ಕೂ ಮುಂಚೆ ನಮ್ಮಲ್ಲಿ ಸೋಗೆ, ಹುಲ್ಲು, ಕೈಯಲ್ಲಿ ತಟ್ಟಿದ ನಾಡಹಂಚು. ಮಂಗಳೂರು ಹಂಚಿನ ಜಾಣತನ ಇರುವುದು ಅದರ ಅಂಚಿನಲ್ಲಿ. ಒಂದರ ಏಣು ಪಕ್ಕದ್ದರ ಕಾಲುವೆಯಲ್ಲಿ ಕೂರುತ್ತದೆ. ಸರಿಯಾಗಿ ಕೂತರೆ ಸಿಮೆಂಟೂ ಬೇಡ, ಬಣ್ಣವೂ ಬೇಡ.

ಲೆಕ್ಕ ಹಾಕುವಾಗ

ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಒಡೆಯುವುದೂ ಕತ್ತರಿಸುವುದೂ ಸೇರಿ ಸುಮಾರು 150 ಹಂಚು ಬೇಕು. ಇದು ಎಲ್ಲರಿಗೂ ಗೊತ್ತು. ಎಡವುವುದು ಎಲ್ಲಿ ಅಂದರೆ, ಮನೆಯ ನೆಲ ಅಳೆದು ಲೆಕ್ಕ ಹಾಕುತ್ತಾರೆ. ಮಾಡು ಓರೆಯಾಗಿದೆ ಅಲ್ವಾ? 30 ಡಿಗ್ರಿ ಇಳಿಜಾರಿದ್ದರೆ ನೆಲದ ಅಳತೆಗಿಂತ ನೂರಕ್ಕೆ 15ರಷ್ಟು ಜಾಸ್ತಿ ಆಗುತ್ತದೆ. ಸೂರು ಎರಡು ಮೂರು ಅಡಿ ಹೊರಗೆ ಚಾಚಿರುವುದು ಬೇರೆ. ನೆಲ ಅಳೆದು ತಂದವರು ಕೊನೆಗೆ ಇನ್ನೊಂದು ಲೋಡು ತರಿಸುತ್ತಾರೆ, ಆ ಲೋಡಿನ ಹಂಚು ಬೇರೆ ಕಾರ್ಖಾನೆಯದಾಗಿ ಅಳತೆಯಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿ ಬಂದು ಇಡೀ ಸಾಲು ಹಾಳಾಗುತ್ತದೆ.

ಹಳೇ ಹಂಚನ್ನು ಬಿಸಾಡಬೇಡಿ. ಇದು ನನ್ನ ಹಟ ಅಂದುಕೊಂಡರೂ ಪರವಾಗಿಲ್ಲ. ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಇಟ್ಟುಕೊಳ್ಳಿ, ದಬ್ ಅಂದರೆ ಬಿರುಕು ಬಿಟ್ಟಿದೆ ಅಂತ ಅರ್ಥ. ನಮ್ಮ ಮನೆಯ ಅರ್ಧ ಹಂಚು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಡೆ ಊರಿನಿಂದ ಅಜ್ಜ ಗಾಡಿಯಲ್ಲಿ ಹೇರಿಕೊಂಡು ಬಂದವು. ಇವತ್ತಿಗೂ ಟಣ್ ಅನ್ನುತ್ತವೆ. ಮೊನ್ನೆ ಮೊನ್ನೆ ತಂದ ಹೊಸ ಹಂಚು ಎರಡೇ ಮಳೆಗೆ ಪದರ ಬಿಟ್ಟಿದ್ದನ್ನೂ ನೋಡಿದ್ದೇನೆ. ಹೊಸದನ್ನೇ ತರುವುದಾದರೆ ಲೋಡು ಇಳಿಸುವ ಮುಂಚೆ ಹತ್ತು ಹಂಚು ತಟ್ಟಿ ನೋಡಿ. ನಾಲ್ಕು ಹಂಚನ್ನು ನೆಲದ ಮೇಲೆ ಜೋಡಿಸಿ, ಅಲ್ಲಾಡದೆ ಕೂರುತ್ತವೆಯೋ ಅಂತಲೂ ನೋಡಿ.

ಯಾವಾಗ, ಹೇಗೆ ಬಿಚ್ಚುವುದು?

ಅಡಿಕೆ ಕೊಯ್ಲು ಮುಗಿದ ಮೇಲೆ, ಭರಣಿ ಮಳೆಗೆ ಮುಂಚೆ. ಅಂದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ. ಮೇ ತಿಂಗಳಲ್ಲಿ ಆಚಾರ್ರು (ಬಡಗಿಗಳು) ಸಿಗುವುದಿಲ್ಲ, ಸಿಕ್ಕವರು ಓಡುತ್ತಾ ಕೆಲಸ ಮಾಡುತ್ತಾರೆ.

ಒಂದೊಂದೇ ಅಂಕಣ (ಮಾಡಿನ ಒಂದೊಂದು ಭಾಗ) ಬಿಚ್ಚಿ, ಮಾಡಿನ ಎರಡೂ ಮಗ್ಗುಲು ಸಮಸಮವಾಗಿ. ಒಂದು ಚದರ ಹಂಚು ಒಣಗಿದ್ದಾಗಲೇ ಮುನ್ನೂರೈವತ್ತು ಕೆಜಿ ಮೇಲಿರುತ್ತದೆ. ಒಂದು ಮಗ್ಗುಲು ಪೂರ್ತಿ ಇಳಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಆ ಭಾರಕ್ಕೆ ಹಳೇ ಮರ ವಾಲುತ್ತದೆ. ಟಾರ್ಪಾಲು ಪಕ್ಕದಲ್ಲೇ ಇರಲಿ. ಹಂಚಿನ ಮೇಲೆ ಹತ್ತುವವರು ಅಡ್ಡ ಏಣಿ ಹಾಕಿ ಹಗ್ಗ ಕಟ್ಟಿಕೊಂಡೇ ಹತ್ತಬೇಕು. ಪಾಚಿ ಕಟ್ಟಿದ ಹಂಚಿನ ಮೇಲೆ "ನಂಗೆ ಅಭ್ಯಾಸ ಉಂಟು" ಅನ್ನುವ ಮಾತು ನಡೆಯುವುದಿಲ್ಲ.

ಮರ ನೋಡುವುದು

ಪ್ರತಿ ಪಕಾಸಿಗೂ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಅದರಲ್ಲೂ ಗೋಡೆ ತೊಲೆ ಮುಟ್ಟುವ ಜಾಗ ಮತ್ತು ಸೂರಿನ ತುದಿ. ಒರಲೆ (ಗೆದ್ದಲು) ಹತ್ತುವುದು ಗೋಡೆಯಿಂದ, ಕೊಳೆಯುವುದು ತುದಿಯಿಂದ. ಪುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳ ಹಿಡಿದಿದೆ. ಕೆಟ್ಟಿದ್ದನ್ನು ಮಾತ್ರ ಬದಲಿಸಿ, ಹಳೇ ಮತ್ತಿ, ಹೊನ್ನೆಯಂಥ ಮರ ಈಗ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಸ್ವಂತ ಜಮೀನಿನ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದಾದರೆ ಕೈಗೆ ಗ್ಲೌಸ್ ಇರಲಿ, ಅದು ಚರ್ಮ ಸುಡುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವವರೂ ಇದ್ದಾರೆ. ಮನೆ ತುಂಬಾ ವಾಸನೆ, ಕೆಳಗೆ ಒಲೆ ಬೇರೆ. ಬೇಡ.

ರೀಪನ್ನು ಮಾತ್ರ ಪೂರ್ತಿ ಹೊಸದು ಹಾಕಿ. ಇಲ್ಲಿ ಉಳಿಸಿದ ದುಡ್ಡು ಉಳಿಯುವುದಿಲ್ಲ. ಎರಡು ರೀಪಿನ ನಡುವಿನ ಅಂತರ ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ, ಆದರೆ ಪುಸ್ತಕದ ಅಳತೆ ನಂಬಬೇಡಿ, ನಿಮ್ಮ ಹಂಚನ್ನೇ ಮೇಲೆ ಕೆಳಗೆ ಇಟ್ಟು, ಸುಮಾರು 3 ಇಂಚು ಒಂದರ ಮೇಲೊಂದು ಬರುವ ಹಾಗೆ ಅಳೆದು, ಆ ಅಳತೆಗೆ ಒಂದು ಕೋಲು ಕತ್ತರಿಸಿ ಆಚಾರ್ರ ಕೈಗೆ ಕೊಡಿ. ಸೂರಿನ ಮೊದಲ ರೀಪು ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಮೊದಲ ಸಾಲಿನ ಹಂಚಿಗೆ ಕೆಳಗೆ ಒರಗಲು ಇನ್ನೊಂದು ಹಂಚು ಇಲ್ಲವಲ್ಲ. ಎತ್ತರಿಸದಿದ್ದರೆ ಆ ಸಾಲು ತಲೆ ತಗ್ಗಿಸಿ ಮೇಲಿನ ಸಾಲಿನ ಜೊತೆ ಬಾಯಿ ಬಿಡುತ್ತದೆ.

ದೋಣಿ, ಅಂದರೆ ಎಲ್ಲರೂ ಕೆಡಿಸುವ ಜಾಗ

ಭಾವನ ಮನೆ ಎಲ್ ಆಕಾರದ್ದು. ಚೌಕಿ ಮನೆಯಾದರೆ ಇಂಥ ಮೂಲೆ ನಾಲ್ಕು. ಎರಡು ಮಾಡಿನ ನೀರೆಲ್ಲ ಒಂದೇ ಗೆರೆಗೆ ಬಂದು ಇಳಿಯಬೇಕು. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಮಾಡು 30 ಡಿಗ್ರಿ ಇಳಿಜಾರಿದ್ದರೆ ಮೂಲೆಯ ದೋಣಿ ಸುಮಾರು 22 ಡಿಗ್ರಿ ಮಾತ್ರ ಇಳಿದಿರುತ್ತದೆ. ನೀರು ಜಾಸ್ತಿ, ಇಳಿಜಾರು ಕಮ್ಮಿ. ಎಲೆ, ಹೂವು, ಮಂಗ ಎಸೆದ ಕಾಯಿ ಎಲ್ಲ ಅಲ್ಲೇ ಬಂದು ನಿಲ್ಲುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯ ಮನೆಗೆ ನಡೆದ ದೋಣಿ ಘಟ್ಟದಂಚಿನ ಮನೆಗೆ ನಡೆಯುವುದಿಲ್ಲ.

ಮೊದಲು ಹಲಗೆ. ದೋಣಿಯ ಕೆಳಗೆ ಉದ್ದಕ್ಕೂ ಸಂದಿಲ್ಲದ ಹಾಗೆ ಹಲಗೆ ಹಾಸಿ. ರೀಪಿನ ಮೇಲೆ ಸುಮ್ನೆ ತಗಡು ಎಸೆದರೆ ನಡುವೆ ಕುಳಿ ಬಿದ್ದು ನೀರು ನಿಲ್ಲುತ್ತದೆ. ಆಮೇಲೆ ತಗಡು. 24 ಗೇಜಿನ ಜಿಐ ತಗಡು, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ತಗಡು ತನ್ನಿ. ಗೇಜು ಅಂಕಿ ಹೆಚ್ಚಾದಷ್ಟೂ ತಗಡು ತೆಳು, ಇದನ್ನು ತಿಳಿಯದೆ "28 ಅಂದ್ರೆ ಜಾಸ್ತಿ ಗಟ್ಟಿ" ಅಂತ ತಂದವರಿದ್ದಾರೆ. ನನಗೇ ಒಂದು ಅಂಗಡಿಯಲ್ಲಿ 24 ಅಂತ ಹೇಳಿ 28 ಕೊಟ್ಟಿದ್ದರು, ಮನೆಗೆ ಬಂದು ಕೈಯಲ್ಲಿ ಬಗ್ಗಿಸಿದಾಗ ಕಾಗದದ ಹಾಗೆ ಬಗ್ಗಿತು. ಅಗಲ 2 ಅಡಿಗೆ ಕಮ್ಮಿ ಬೇಡ. ದೊಡ್ಡ ಮಾಡಾದರೆ, ಮಳೆ ಜೋರಿರುವ ಊರಾದರೆ 3 ಅಡಿ ಇರಲಿ.

ತಗಡನ್ನು ಹಾಸುವ ಮುಂಚೆ ಮೂರು ಕಡೆ ಮಡಿಸಬೇಕು. ಎರಡೂ ಅಂಚನ್ನು ಉದ್ದಕ್ಕೆ ಅರ್ಧ ಇಂಚು ಒಳಮುಖವಾಗಿ ಮೇಲಕ್ಕೆ ಮಡಿಸಿ. ನೀರು ಪಕ್ಕಕ್ಕೆ ತೆವಳಿದರೂ ಈ ಮಡಿಕೆ ತಡೆಯುತ್ತದೆ. ಇನ್ನೊಂದು ನಡುವೆ, ಒಂದು ಇಂಚಿನ ಏಣು. ದೊಡ್ಡ ಮಾಡಿನ ನೀರು ರಭಸದಲ್ಲಿ ಇಳಿದು ಎದುರಿನ ಸಣ್ಣ ಮಾಡಿನ ಹಂಚಿನಡಿಗೆ ನುಗ್ಗುತ್ತದೆ. ಏಣು ಇದ್ದರೆ ಅಲ್ಲೇ ತಿರುಗಿ ಕೆಳಗಿಳಿಯುತ್ತದೆ. ಭಾವನ ಮನೆಯಲ್ಲಿ ಆಗಿದ್ದು ಇದೇ. ಜಗಲಿಯ ಉದ್ದನೆ ಮಾಡಿನ ನೀರು ದೋಣಿ ದಾಟಿ ದೇವರ ಕೋಣೆಯ ಹಂಚಿನ ಕೆಳಗೆ ಹೋಗುತ್ತಿತ್ತು. ಹೊಸ ಹಂಚು ಏನು ಮಾಡಲಾಗುತ್ತದೆ ಪಾಪ?

ಹಾಸುವಾಗ ಕೆಳಗಿನ ತುಂಡು ಮೊದಲು. ಮೇಲಿನ ತುಂಡು ಅದರ ಮೇಲೆ ಒಂಬತ್ತು ಇಂಚಾದರೂ ಬರಬೇಕು. ತಗಡಿನ ನಡುವೆ ಒಂದೇ ಒಂದು ಮೊಳೆ ಕೂಡ ಬೇಡ. ಆಚಾರ್ರು ಮೇಲೆ ಕೂತಿರುವಾಗ ಕೆಳಗಿನಿಂದ ಟಕ್ ಟಕ್ ಸದ್ದು ಕೇಳಿದರೆ ಹತ್ತಿ ನೋಡಿ. ಅಂಚಿನ ಮಡಿಕೆಗೆ ತಗಡಿನದೇ ಸಣ್ಣ ಕೊಕ್ಕೆ ಸಿಕ್ಕಿಸಿ, ಆ ಕೊಕ್ಕೆಯನ್ನು ಹಲಗೆಗೆ ಹೊಡೆಯಬೇಕು. ಬಿಸಿಲಿಗೆ ತಗಡು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಮೊಳೆ ಹೊಡೆದು ಬಿಗಿದರೆ ಆ ತೂತು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಜಿಐ ತಗಡಿಗೆ ತಾಮ್ರದ ಮೊಳೆ, ತಾಮ್ರದ ತಂತಿ ತಾಗಿಸಬೇಡಿ, ಒದ್ದೆಯಲ್ಲಿ ಎರಡೂ ಸೇರಿದರೆ ತಗಡು ಬೇಗ ತಿನ್ನಿಸಿಕೊಳ್ಳುತ್ತದೆ.

ಇನ್ನು ಹಂಚು ಕತ್ತರಿಸುವುದು. ದೋಣಿಯ ಎರಡೂ ಬದಿಗೆ ದಾರ ಹಿಡಿದು ಗೆರೆ ಹಾಕಿ, ಕಟ್ಟರ್‌ನಿಂದ ನೇರವಾಗಿ ಕತ್ತರಿಸಿ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಕೆಟ್ಟದ್ದು. ನಡುವೆ ಐದಾರು ಇಂಚು ತಗಡು ಬಯಲಾಗಿ ಕಾಣುವ ಹಾಗಿರಲಿ, ಎಲೆ ಜಾರಿ ಹೋಗಬೇಕು. ಕೆಲವರಿಗೆ ಇದು ಚಂದ ಕಾಣುವುದಿಲ್ಲ, ಹಂಚನ್ನು ಹತ್ತಿರ ತಂದು ಸಂದಿಗೆ ಸಿಮೆಂಟು ಮೆತ್ತಿ ಮೇಲೆ ಕೆಂಪು ಬಣ್ಣ ಹೊಡೆಸುತ್ತಾರೆ. ಅದು ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಹೊಕ್ಕ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ, ಹಾಗಾಗಿ ಒಳಗೆ ಬರುತ್ತದೆ. ಕತ್ತರಿಸಿದ ಮೂರು ಮೂಲೆಯ ಸಣ್ಣ ತುಂಡುಗಳಿಗೆ ಹಲ್ಲು ಇರುವುದಿಲ್ಲ, ಜಾರಿ ದೋಣಿಗೆ ಬೀಳುತ್ತವೆ. ಅವಕ್ಕೆ ತೂತು ಕೊರೆದು ಜಿಐ ತಂತಿಯಿಂದ ರೀಪಿಗೆ ಕಟ್ಟಿ. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ, ಆಚಾರ್ರು ಗೊಣಗುತ್ತಾರೆ, ಒಂದು ಲೋಟ ಕಾಫಿ ಜಾಸ್ತಿ ಕೊಡಿ.

ದೋಣಿಯ ಕೆಳತುದಿ ಸೂರಿಗಿಂತ ನಾಲ್ಕು ಇಂಚಾದರೂ ಮುಂದೆ ಬಂದು ಕೆಳಕ್ಕೆ ಬಗ್ಗಿರಬೇಕು. ಇಲ್ಲದಿದ್ದರೆ ನೀರು ಹಿಂದಕ್ಕೆ ತೆವಳಿ ಪಕಾಸಿನ ತುದಿ ಕೊಳೆಸುತ್ತದೆ. ಅಲ್ಲಿ ಹಳೇ ಕಾಲದ ಅಡಿಕೆ ದಂಬೆ (ಅಡಿಕೆ ಮರ ಸೀಳಿ ಮಾಡಿದ ಕಾಲುವೆ) ಹಿಡಿದರೂ ಸರಿ, ಪಿವಿಸಿ ಪೈಪು ಸೀಳಿ ಕಟ್ಟಿದರೂ ಸರಿ, ಅಗಲ ಮಾತ್ರ ಧಾರಾಳ ಇರಲಿ.

ಗೋಡೆಯ ಸಂದು

ಹಳೇ ಮನೆಗೆ ಮಗ ಒಂದು ಆರ್‌ಸಿಸಿ ಕೋಣೆ ಸೇರಿಸುತ್ತಾನೆ. ಹಂಚಿನ ಮಾಡು ಹೋಗಿ ಆ ಗೋಡೆಗೆ ತಾಗುತ್ತದೆ. ಅಲ್ಲಿಗೆ ಟ್ಯೂಬಿನ ಅಂಟು, ಟಾರು, ಸಿಮೆಂಟು, ಏನು ಮೆತ್ತಿದರೂ ಹೆಚ್ಚು ದಿನ ಬಾಳುವುದಿಲ್ಲ. ಗೋಡೆಗೆ ಒಂದು ಇಂಚು ಆಳದ ಕಚ್ಚು ಹೊಡೆದು, ತಗಡಿನ ಅಂಚನ್ನು ಅದರೊಳಗೆ ತೂರಿಸಿ ಗಾರೆ ತುಂಬಿ, ಉಳಿದ ತಗಡು ಹಂಚಿನ ಮೇಲೆ ಬೀಳುವ ಹಾಗೆ ಬಗ್ಗಿಸಿ. ಅಲ್ಯೂಮಿನಿಯಂ ತಗಡಾದರೆ ಹಸಿ ಸಿಮೆಂಟು ತಾಗಿಸಬೇಡಿ, ತಿಂದುಬಿಡುತ್ತದೆ.

ನೆತ್ತಿಯ ಮೂಲೆ ಹಂಚನ್ನು ನೀರಲ್ಲಿ ನೆನೆಸಿ, ತೆಳು ಗಾರೆಯಲ್ಲಿ ಅಂಚು ಮಾತ್ರ ಕೂರಿಸಿ. ಹೊಟ್ಟೆ ತುಂಬಾ ಗಾರೆ ತುಂಬಬೇಡಿ.

ಹಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವ ಚಾಳಿ ಈಚೆಗೆ ಜಾಸ್ತಿ ಆಗಿದೆ. ನಾನು ಹಾಸುವುದಿಲ್ಲ. ಅಡುಗೆಮನೆ, ಬಚ್ಚಲೊಲೆಯ ಹೊಗೆ ಹಂಚಿನ ಸಂದಿಯಲ್ಲೇ ಹೋಗಬೇಕು. ಹಾಳೆ ಹಾಸಿದರೆ ಹೊಗೆ ಒಳಗೇ ಸುತ್ತುತ್ತದೆ, ಬೆವರಿದ ನೀರು ರೀಪನ್ನು ಕೊಳೆಸುತ್ತದೆ.

ಮಂಗನ ಕಾಟಕ್ಕೆ ಸೋತು ಬಣ್ಣದ ಶೀಟಿಗೆ ಹೋಗುವವರನ್ನು ನಾನು ಬೈಯುವುದಿಲ್ಲ. ದಿನಾ ಹಂಚು ಸರಿ ಮಾಡಿ ಸಾಕಾಗಿರುತ್ತದೆ. ಆದರೆ ಶೀಟು ಹಗುರ, ಗಾಳಿಗೆ ಎದ್ದು ಹೋಗುತ್ತದೆ, ಕಬ್ಬಿಣದ ಚೌಕಟ್ಟನ್ನು ಗೋಡೆಗೆ ಗಟ್ಟಿಯಾಗಿ ಬಿಗಿಸಿರಬೇಕು. ಸ್ಕ್ರೂ ಏಣಿನ ಮೇಲೆ ಬರಲಿ, ರಬ್ಬರ್ ವಾಷರ್ ಚಪ್ಪಟೆ ಆಗುವಷ್ಟು ತಿರುಗಿಸಬೇಡಿ. ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅವತ್ತೇ ಗುಡಿಸಿ, ಬಿಟ್ಟರೆ ಅಲ್ಲೆಲ್ಲ ತುಕ್ಕಿನ ಚುಕ್ಕೆ ಏಳುತ್ತದೆ. ಆಶ್ಲೇಷಾ ಮಳೆಯಲ್ಲಿ ಶೀಟಿನಡಿ ಕೂತು ಮಾತಾಡಲು ಕೂಗಬೇಕಾಗುತ್ತದೆ, ಅದನ್ನೂ ಯೋಚಿಸಿ.

ಕೆಲಸ ಮುಗಿದ ದಿನ ಮಧ್ಯಾಹ್ನ ಬಾಗಿಲು ಮುಚ್ಚಿ ಒಳಗೆ ನಿಂತು ನೋಡಿ. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಒಬ್ಬರು ಮೇಲೆ ಹತ್ತಿ ದೋಣಿಯ ನೆತ್ತಿಯಿಂದ ಪೈಪಲ್ಲಿ ಹತ್ತು ನಿಮಿಷ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ನಿಲ್ಲಲಿ. ಆಚಾರ್ರ ಲೆಕ್ಕದಲ್ಲಿ ಸ್ವಲ್ಪ ಬಾಕಿ ಉಳಿಸಿ, ಮೃಗಶಿರಾ ಮಳೆಯ ಮೊದಲ ವಾರ ಕೊಡುತ್ತೇನೆ ಅಂತ ಮೊದಲೇ ಹೇಳಿಬಿಡಿ. ಒಳ್ಳೇ ಕೆಲಸಗಾರರು ಇದಕ್ಕೆ ಬೇಡ ಅನ್ನುವುದಿಲ್ಲ.