ಕೆಂಪು ಗೆರೆ ಕಂಡರೆ ಮೊದಲು ಟರ್ಮಿನಲ್ ತೆರೆಯಿರಿ

ಕೋಡ್ ಎಡಿಟರ್‌ನಲ್ಲಿ ಇಂಪೋರ್ಟ್ ಸಾಲಿನಡಿ ಕೆಂಪು ಗೆರೆ. ಡಾಟ್ ಒತ್ತಿದರೂ ಮೆಥಡ್‌ಗಳ ಪಟ್ಟಿ ಬರುವುದಿಲ್ಲ. ಎಡಿಟರನ್ನೇ ಕಿತ್ತು ಮತ್ತೆ ಹಾಕುವವರಿದ್ದಾರೆ. ಅದರಿಂದ ಸರಿಹೋಗುವುದು ಅಪರೂಪ. ಮೊದಲು ಟರ್ಮಿನಲ್‌ನಲ್ಲಿ ಪ್ರಾಜೆಕ್ಟ್ ಬಿಲ್ಡ್ ಮಾಡಿ. ಅಲ್ಲೂ ಇದೇ ಇಂಪೋರ್ಟ್ ಫೇಲಾದರೆ ತೊಂದರೆ ಹೆಚ್ಚಾಗಿ ಡಿಪೆಂಡೆನ್ಸಿಯದು, ಅಂದರೆ ನಿಮ್ಮ ಕೋಡ್ ನೆಚ್ಚಿಕೊಂಡ ಹೊರಗಿನ ಲೈಬ್ರರಿಯದು. ಅಲ್ಲಿ ಪಾಸಾಗಿ ಎಡಿಟರ್‌ನಲ್ಲಷ್ಟೇ ಕೆಂಪಿದ್ದರೆ ಎಡಿಟರ್ ನೋಡುತ್ತಿರುವ ಜಾಗ ತಪ್ಪು, ಇಲ್ಲವೇ ಅದರ ಇಂಡೆಕ್ಸ್ (ಅದು ಕಟ್ಟಿಕೊಂಡ ಕ್ಲಾಸ್, ಮೆಥಡ್‌ಗಳ ಪಟ್ಟಿ) ಹಳತು.

ಜಾವಾದಲ್ಲಿ ಮಾವೆನ್ (ಲೈಬ್ರರಿಗಳನ್ನು ಇಳಿಸಿ ಬಿಲ್ಡ್ ಮಾಡುವ ಟೂಲ್) ಬಳಸುವವರಿಗೆ ಹೆಚ್ಚು ಕಾಡುವುದು ಅರ್ಧಕ್ಕೆ ನಿಂತ ಡೌನ್‌ಲೋಡ್. ಲೈಬ್ರರಿಯ ಜಾರ್ ಫೈಲ್ ಒಮ್ಮೆ ಸಿಗದಿದ್ದರೆ ಮಾವೆನ್ ಆ ಸೋಲನ್ನೂ ನೆನಪಿಟ್ಟುಕೊಳ್ಳುತ್ತದೆ. ಹೋಮ್ ಫೋಲ್ಡರ್‌ನ ಡಾಟ್ ಎಂ2 ಒಳಗೆ, ರೆಪಾಸಿಟರಿಯಲ್ಲಿ, ಆ ಲೈಬ್ರರಿಯ ವರ್ಷನ್ ಫೋಲ್ಡರ್ ತೆರೆದು ನೋಡಿ: ಜಾರ್ ಇರುವುದಿಲ್ಲ, 'ಲಾಸ್ಟ್‌ಅಪ್‌ಡೇಟೆಡ್' ಎಂದು ಕೊನೆಯಾಗುವ ಪುಟ್ಟ ಫೈಲ್ ಇರುತ್ತದೆ. ಅದು ಇರುವ ತನಕ, ನೆಟ್ ಸರಿಯಾದರೂ ಮಾವೆನ್ ಕೂಡಲೇ ಮತ್ತೆ ಹುಡುಕಲು ಹೋಗುವುದಿಲ್ಲ. ಆ ಒಂದು ವರ್ಷನ್ ಫೋಲ್ಡರನ್ನಷ್ಟೇ ಅಳಿಸಿ ಬಿಲ್ಡ್ ಮಾಡಿ, ಅಥವಾ ಬಿಲ್ಡ್ ಕಮಾಂಡಿಗೆ ಹೈಫನ್ ಜೊತೆ ದೊಡ್ಡಕ್ಷರದ ಯು ಸೇರಿಸಿ. ಇಡೀ ರೆಪಾಸಿಟರಿ ಅಳಿಸಬೇಡಿ. ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳುತ್ತಾ ಕೂರಬೇಕಾಗುತ್ತದೆ.

ಜಾರ್ ಇದ್ದೂ ಕ್ಲಾಸ್ ಕಾಣದಿದ್ದರೆ ಡಿಪೆಂಡೆನ್ಸಿಗಳನ್ನು ಬರೆದಿಡುವ ಪಾಮ್ ಫೈಲ್‌ನಲ್ಲಿ ಅದರ ಸ್ಕೋಪ್ ನೋಡಿ. 'ಟೆಸ್ಟ್' ಎಂದಿದ್ದರೆ ಮುಖ್ಯ ಕೋಡಿಗೆ ಅದು ಕಾಣಿಸದು. ಕ್ಲಾಸ್ ಇದೆ, ಮೆಥಡ್ ಮಾತ್ರ ಇಲ್ಲ ಎಂದಾದರೆ ಬೇರೊಂದು ಲೈಬ್ರರಿ ಹಳೆ ವರ್ಷನ್ನನ್ನು ಎಳೆದು ತಂದಿರಬಹುದು. ಯಾವ ಲೈಬ್ರರಿ ಯಾವುದನ್ನು ತಂದಿದೆ ಎಂದು ತೋರಿಸುವ ಡಿಪೆಂಡೆನ್ಸಿ ಟ್ರೀ ತೆಗೆದು ನೋಡಿ: ಮಾವೆನ್ ಆರಿಸುವುದು ಹೊಸದನ್ನಲ್ಲ, ಮರದಲ್ಲಿ ನಿಮ್ಮ ಪ್ರಾಜೆಕ್ಟಿಗೆ ಹತ್ತಿರವಿರುವುದನ್ನು. ಬೇಕಾದ ವರ್ಷನ್ನನ್ನು ನಿಮ್ಮ ಪಾಮ್‌ನಲ್ಲೇ ನೇರವಾಗಿ ಬರೆದರೆ ಅದೇ ಗೆಲ್ಲುತ್ತದೆ.

ಬಿಲ್ಡ್ ಪಾಸಾಗಿಯೂ ಕೆಂಪು ಉಳಿದರೆ ಇಂಟೆಲಿಜೆ ಎಡಿಟರ್‌ನಲ್ಲಿ ಮಾವೆನ್ ಪ್ಯಾನೆಲ್ ತೆರೆದು ರೀಲೋಡ್ ಒತ್ತಿ. ಆಫ್‌ಲೈನ್ ಮೋಡ್ ಆನ್ ಆಗಿದೆಯೇ ಎಂಬುದನ್ನೂ ಅಲ್ಲೇ ನೋಡಿಬಿಡಿ. ಇನ್‌ವ್ಯಾಲಿಡೇಟ್ ಕ್ಯಾಶಸ್ ಕೊನೆಯ ಮದ್ದು, ಮತ್ತೆ ಇಂಡೆಕ್ಸ್ ಆಗುವವರೆಗೆ ಕಾಯಬೇಕು. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ 'ಕ್ಲೀನ್ ಜಾವಾ ಲ್ಯಾಂಗ್ವೇಜ್ ಸರ್ವರ್ ವರ್ಕ್‌ಸ್ಪೇಸ್' ಆರಿಸಿ.

ಪೈಥಾನ್‌ನಲ್ಲಿ ರೋಗ ಬಹುಪಾಲು ಒಂದೇ: ಪ್ಯಾಕೇಜ್ ಇಳಿದದ್ದು ಒಂದು ಪೈಥಾನ್‌ಗೆ, ಎಡಿಟರ್ ನೋಡುತ್ತಿರುವುದು ಇನ್ನೊಂದನ್ನು. ಪ್ಯಾಕೇಜ್ ಇಳಿದ ಪೈಥಾನ್‌ನಲ್ಲಿ ಸಿಸ್ ಮಾಡ್ಯೂಲಿನ 'ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿ, ಬಂದ ದಾರಿಯನ್ನೇ ವಿಎಸ್ ಕೋಡ್‌ನ 'ಸೆಲೆಕ್ಟ್ ಇಂಟರ್‌ಪ್ರಿಟರ್'ನಲ್ಲಿ ಆರಿಸಿ. ನಿಮ್ಮದೇ ಫೈಲಿಗೆ 'ರ‍್ಯಾಂಡಮ್' ಎಂದು ಹೆಸರಿಟ್ಟಿದ್ದರೆ ಮಾತ್ರ ಇದ್ಯಾವುದೂ ನಾಟದು. ಅಸಲಿ ಮಾಡ್ಯೂಲಿನ ಬದಲು ಆ ಫೈಲೇ ಇಂಪೋರ್ಟ್ ಆಗುತ್ತಿರುತ್ತದೆ. ಹೆಸರು ಬದಲಿಸಿ.