ಜೋಶುವಾ ಟ್ರೀಗೆ ಮನೆಮಂದಿಯೆಲ್ಲ ಹೊರಡುವ ಮುನ್ನ

ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು ಚಳಿಗಾಲ ಶುರುವಾಗುತ್ತಿದ್ದಂತೆ ಕನ್ನಡ ಸಂಘದವರನ್ನು ಕೇಳುವುದುಂಟು: ಚಿಕ್ಕ ಮಕ್ಕಳನ್ನು ಕರೆದುಕೊಂಡು ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ (ನ್ಯಾಷನಲ್ ಪಾರ್ಕ್) ಹೋಗಬಹುದಾ? ಧಾರಾಳವಾಗಿ ಹೋಗಿ. ಲಾಸ್ ಏಂಜಲೀಸ್‌ನಿಂದ ಸುಮಾರು 140 ಮೈಲಿ. ಆದರೆ ಅದು ಮರುಭೂಮಿ. ಎಷ್ಟು ಹೊತ್ತಿಗೆ ಹೊರಡುತ್ತೀರಿ, ಎಷ್ಟು ನೀರು ಒಯ್ಯುತ್ತೀರಿ, ಇವೆರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಹೊತ್ತಿನ ಮಾತು ನಮ್ಮವರಿಗೆ ಸ್ವಲ್ಪ ಒತ್ತಿ ಹೇಳಬೇಕು. ನಾಲ್ಕು ಮನೆಯವರು ಸೇರಿದರೆ ಒಬ್ಬರ ಚಿತ್ರಾನ್ನ ಇನ್ನೂ ಒಲೆ ಮೇಲಿರುತ್ತದೆ, ಇನ್ನೊಬ್ಬರ ಮಗು ಎದ್ದಿರುವುದಿಲ್ಲ. ಏಳಕ್ಕೆ ಅಂದದ್ದು ಹತ್ತಾಗುತ್ತದೆ. ಅಲ್ಲಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ, ವಾರಾಂತ್ಯವಾದರೆ ಪಾರ್ಕಿಂಗೂ ಸಿಗುವುದಿಲ್ಲ. ಅದಕ್ಕೇ ತಿಂಡಿ ಕಟ್ಟಿಕೊಂಡು ಕತ್ತಲಿರುವಾಗಲೇ ಹೊರಡಿ. ತಡವಾದವರು ತಮ್ಮ ಪಾಡಿಗೆ ಬರಲಿ, ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಅಕ್ಟೋಬರ್‌ನಿಂದ ಮೇ ತನಕ ಹೋಗಲು ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಶಾಲೆಗೆ ರಜೆ ಅಂತ ಜುಲೈನಲ್ಲಿ ಮಕ್ಕಳನ್ನು ಅಲ್ಲಿ ನಡೆಸಬೇಡಿ.

ನೀರು ಒಬ್ಬೊಬ್ಬರಿಗೂ ದಿನಕ್ಕೆ ಕನಿಷ್ಠ 1 ಗ್ಯಾಲನ್, ಅಂದರೆ ಹತ್ತಿರ ಹತ್ತಿರ 4 ಲೀಟರ್. ನಡಿಗೆ ಜಾಸ್ತಿ ಇದ್ದರೆ ಅದರ ಎರಡರಷ್ಟು. ಇದು ಅತಿ ಅನ್ನಿಸಬಹುದು. ಮಂಗಳೂರಿನಲ್ಲಾದರೆ ಬೆವರು ಮೈಯೆಲ್ಲ ಇಳಿದು ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. ಇಲ್ಲಿ ಗಾಳಿ ಎಷ್ಟು ಒಣಗಿದೆ ಅಂದರೆ ಬೆವರು ಬಂದದ್ದೇ ತಿಳಿಯುವುದಿಲ್ಲ, ಹಾಗೇ ಆರಿಹೋಗುತ್ತದೆ. ಮಗು ಆಡುವುದು ಬಿಟ್ಟು ಸುಮ್ನೆ ಕೂತಿತು, ತಲೆನೋವು ಅಂದಿತು ಅಂದರೆ ತಕ್ಷಣ ನೆರಳಿಗೆ ಕೂರಿಸಿ, ನೀರು ಕುಡಿಸಿ, ಅಲ್ಲಿಂದಲೇ ವಾಪಸ್ ಹೊರಡಿ. ಬರೀ ನೀರು ಸಾಲದು, ಉಪ್ಪೂ ಬೇಕು. ಐಸ್ ಪೆಟ್ಟಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಳ್ಳಿ. ಪಾರ್ಕಿನ ಒಳಗೆ ಅಂಗಡಿ ಇಲ್ಲ, ಪೆಟ್ರೋಲ್ ಇಲ್ಲ. ನಲ್ಲಿ ಇರುವುದೆಲ್ಲ ಅಂಚಿನಲ್ಲಿ. ಪಾರ್ಕಿನ ಹೊರಗಿರುವ ಯುಕ್ಕಾ ವ್ಯಾಲಿ ಪಟ್ಟಣದಲ್ಲೇ ಟ್ಯಾಂಕ್ ತುಂಬಿಸಿ. ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಯಾಕೆಂದರೆ ಒಳಗೆ ಬಹುತೇಕ ಕಡೆ ಸಿಗ್ನಲ್ ಸಿಗುವುದಿಲ್ಲ. ಎಷ್ಟು ಹೊತ್ತಿಗೆ ಮರಳುತ್ತೀರಿ ಅಂತ ಜೊತೆಗೆ ಬಾರದ ಯಾರಿಗಾದರೂ ಹೇಳಿ ಹೋಗಿ.

ಮೊದಲ ಸಲಕ್ಕೆ ಹಿಡನ್ ವ್ಯಾಲಿ ಸಾಕು. ಸುತ್ತ ಬಂಡೆಗಳ ಗೋಡೆ, ನಡುವೆ 1 ಮೈಲಿಯ ಸುತ್ತುದಾರಿ. ಬಂಡೆ ಕಂಡರೆ ಮಕ್ಕಳು ಹತ್ತದೆ ಬಿಡುವುದಿಲ್ಲ. ಆದರೆ ಹತ್ತಿದಷ್ಟು ಸುಲಭವಾಗಿ ಇಳಿಯಲು ಬರುವುದಿಲ್ಲ, ದೊಡ್ಡವರೊಬ್ಬರು ಕೆಳಗೆ ನಿಂತಿರಲಿ. ಬಾರ್ಕರ್ ಡ್ಯಾಮ್ ದಾರಿಯೂ ಹೆಚ್ಚೂಕಮ್ಮಿ ಅಷ್ಟೇ ಉದ್ದ. ದನ ಸಾಕುವವರು ಕಟ್ಟಿದ ಹಳೆಯ ಕಟ್ಟೆ ಅದು. ಮಳೆ ಬಂದ ವರ್ಷ ನೀರು ನಿಂತಿರುತ್ತದೆ, ಇಲ್ಲದಿದ್ದರೆ ಬರೀ ಒಣ ಮಣ್ಣು. ರಯಾನ್ ಮೌಂಟನ್ ಹೋಗಿ ಬರಲು 3 ಮೈಲಿ, ಆದರೆ ಸಾವಿರ ಅಡಿಗೂ ಮೇಲೆ ಏರಬೇಕು. ಫೋಟೋ ಚೆನ್ನಾಗಿ ಬರುತ್ತದೆ ಅಂತ ಐದು ವರ್ಷದ ಮಗುವನ್ನು ಅಲ್ಲಿಗೆ ಎಳೆದುಕೊಂಡು ಹೋಗಬೇಡಿ. ಊರಿನಿಂದ ಬಂದ ಅಜ್ಜ ಅಜ್ಜಿ ಜೊತೆಗಿದ್ದರೆ ಕ್ಯಾಪ್ ರಾಕ್ ಸರಿ. ಅರ್ಧ ಮೈಲಿಯೂ ಇಲ್ಲ, ದಾರಿ ಸಮತಟ್ಟಾಗಿದೆ. ಚಪ್ಪಲಿ ಮಾತ್ರ ಬೇಡ, ಅಜ್ಜಿಗೂ ಶೂ ಹಾಕಿಸಿ. ಸೀರೆಗೆ ಶೂ ಚೆನ್ನಾಗಿ ಕಾಣಲ್ಲ ಅಂತಾರೆ, ಒಪ್ಪಿಸಿ.

ಒಂದು ಬಾಚಣಿಗೆ ಮರೆಯಬೇಡಿ. ತಲೆಗಲ್ಲ, ಚೋಯಾ ಕಳ್ಳಿಗೆ. ದೂರದಿಂದ ಮೆತ್ತಗೆ ಕಾಣುತ್ತದೆ, ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ, ಮಕ್ಕಳಿಗೆ ಮುಟ್ಟುವ ಆಸೆ. ಸ್ವಲ್ಪ ತಾಗಿದರೂ ಒಂದು ತುಂಡು ಮುರಿದು ಮೈಗೆ ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖದ ಕೊಕ್ಕೆಗಳಿವೆ, ಅದಕ್ಕೇ ಎಳೆದಷ್ಟೂ ನೋವು. ಕೈಯಿಂದ ಕೀಳಲು ಹೋದರೆ ಅದು ನಿಮ್ಮ ಕೈಗೂ ಹತ್ತುತ್ತದೆ. ಬಾಚಣಿಗೆಯನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ, ಯಾರೂ ಇಲ್ಲದ ಕಡೆಗೆ ಒಮ್ಮೆಲೇ ಎಗರಿಸಿ. ಉಳಿದ ಮುಳ್ಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಿರಿ.

ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಮಣ್ಣಿಗೇ ತಾನೇ ಅಂತ ಎಸೆಯಬೇಡಿ. ಅಲ್ಲಿ ಬೇಗ ಕೊಳೆಯುವುದಿಲ್ಲ, ಒಣಗಿ ಹಾಗೇ ಬಿದ್ದಿರುತ್ತದೆ. ಅಳಿಲಿಗೆ ಕಡಲೆಬೀಜ ಹಾಕುವುದಕ್ಕೂ ಅನುಮತಿ ಇಲ್ಲ. ಆಮೆ ಸಿಕ್ಕರೆ ದೂರದಿಂದ ನೋಡಿ, ಎತ್ತಬೇಡಿ. ಎತ್ತಿದರೆ ಅದು ಹೆದರಿ ಮೂತ್ರ ಮಾಡಿಬಿಡುತ್ತದೆ. ಮೈಯಲ್ಲಿ ಕೂಡಿಟ್ಟ ನೀರು ಹೋದರೆ ಅದರ ಪ್ರಾಣಕ್ಕೇ ಕುತ್ತು.

ಮನೆಯಲ್ಲಿ ನಾಲ್ಕನೇ ತರಗತಿಯ ಮಗು ಇದ್ದರೆ ಹೊರಡುವ ಮೊದಲು 'ಎವ್ರಿ ಕಿಡ್ ಔಟ್‌ಡೋರ್ಸ್' ಪಾಸ್ ಮಾಡಿಸಿ, ಚೀಟಿ ಪ್ರಿಂಟ್ ಮಾಡಿ ಒಯ್ಯಿರಿ. ಅದಿದ್ದರೆ ಕಾರಿನ ಪ್ರವೇಶ ಶುಲ್ಕ ಉಳಿಯುತ್ತದೆ.